ಹಾಡು ತಂದವರು ಯಾರು? ಧಾರಾವಿ ಹೊಸ ಹಾಡು ಕೇಳಿದ ಬಗೆ

2019ರ ಫೆಬ್ರವರಿ 14ರಂದು ಜೋಯಾ ಅಖ್ತರ್ ನಿರ್ದೇಶನದ ‘ಗಲ್ಲಿ ಬಾಯ್’ ಬಿಡುಗಡೆಯಾಯಿತು. ಅದೇ ತಿಂಗಳ ಕೊನೆಯ ವಾರದಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಮೊದಲನೆಯದು ಧಾರಾವಿಯ ಹುಡುಗನೊಬ್ಬ ರ‍್ಯಾಪರ್ ಆದ ಕತೆ. ಎರಡನೆಯದು ‘ಇದು ನಿಮಗೆ ಹಿಡಿಸಬಹುದು’ ಎಂದು ಹಾಡುಗಳನ್ನು ಆಯ್ದು ಮುಂದಿಡುವ ಸೇವೆ. ಗಾನಾ, ಸಾವನ್‌ಗಳು ಅದಕ್ಕೂ ಮೊದಲೇ ಇದ್ದವು, ನಿಜ. ಆದರೆ ತೆರೆಯ ಮೇಲಿನ ಹುಡುಗನಂಥ ನೂರಾರು ಮಂದಿಗೆ ಮುಂಬೈಯ ಗಲ್ಲಿಗಳಲ್ಲಿ ರ‍್ಯಾಪಿನ ರುಚಿ ಹತ್ತಿಸಿದ್ದು ಅಂಥ ಯಾವ ಸೇವೆಯೂ ಅಲ್ಲ. ಅವರಿಗೆ ಹಾಡು ಬಂದದ್ದು ಮನುಷ್ಯರ ಕೈಯಿಂದ. ಅದಕ್ಕೂ ಮೊದಲು, ಅವರ ಅಪ್ಪ, ಅಜ್ಜಂದಿರ ಕಾಲದಲ್ಲಿ, ಪಕ್ಕದ ಮನೆಯ ಗೋಡೆಯಿಂದ.

ಧಾರಾವಿ ಇರುವುದು ಮಾಹಿಮ್, ಮಾಟುಂಗಾ, ಸಾಯನ್ ರೈಲು ನಿಲ್ದಾಣಗಳ ನಡುವೆ. ಒಟ್ಟು ಜಾಗ ಎರಡು ಚದರ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ಮೊದಲಿಗೆ ಅದು ಕೋಳಿ ಮೀನುಗಾರರ ಹಳ್ಳಿ. ಆಮೇಲೆ ಸೌರಾಷ್ಟ್ರದಿಂದ ಕುಂಬಾರರು ಬಂದರು, ತಮಿಳುನಾಡಿನಿಂದ ತೊಗಲು ಹದ ಮಾಡುವವರು ಬಂದರು, ಉತ್ತರ ಪ್ರದೇಶದಿಂದ ಜರಿ ಕೆಲಸದವರು ಬಂದರು. ಮರಾಠವಾಡದ ದಲಿತ ಕುಟುಂಬಗಳು ಬಂದವು. ಕಲಬುರಗಿ, ವಿಜಯಪುರದ ಕಡೆಯ ಕನ್ನಡಿಗರೂ ಬಂದು ಸೇರಿದರು. ಒಂದೇ ಖೋಲಿಯಲ್ಲಿ ಅಡುಗೆ, ಮಲಗುವುದು, ಹೊಲಿಗೆ ಎಲ್ಲವೂ ನಡೆಯುವ ಕಡೆ ಸದ್ದನ್ನು ಒಳಗೇ ಇಟ್ಟುಕೊಳ್ಳುವುದು ಸಾಧ್ಯವಿಲ್ಲ. ತಗಡಿನ ಗೋಡೆಯ ಆಚೆ ರೇಡಿಯೋ ಹಾಡಿದರೆ ಈಚೆಯವರೂ ಕೇಳಿದಂತೆಯೇ. ಕುಂಬಾರವಾಡೆಯ ಗುಜರಾತಿ ಗರ್ಬಾ, 90 ಅಡಿ ರಸ್ತೆಯಲ್ಲಿ ಪೊಂಗಲ್ ದಿನದ ತಮಿಳು ಹಾಡು, ಏಪ್ರಿಲ್ 14ರ ಭೀಮಗೀತೆ, ಗಣಪತಿ ಮಂಟಪದ ಲೌಡ್‌ಸ್ಪೀಕರ್, ಮಸೀದಿ ಬೀದಿಯ ಕವ್ವಾಲಿ. ಯಾರೂ ಆರಿಸಿಕೊಂಡದ್ದಲ್ಲ, ಆದರೂ ಎಲ್ಲರ ಕಿವಿಗೂ ಬೀಳುತ್ತಿದ್ದವು.

ಈ ಕತೆಯ ಮೊದಲ ಘಟ್ಟ ರೇಡಿಯೋ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಹಿಡಿಸುತ್ತಿರಲಿಲ್ಲ. ಜನರ ಕಿವಿಯನ್ನು ಶಾಸ್ತ್ರೀಯ ಸಂಗೀತದ ಕಡೆ ತಿರುಗಿಸಬೇಕು ಎಂಬುದು ಅವರ ಆಸೆ. ಆಕಾಶವಾಣಿಯಿಂದ ಸಿನಿಮಾ ಹಾಡು ಹೆಚ್ಚುಕಡಿಮೆ ಮಾಯವಾಯಿತು. ಕೇಳುಗರು ಕಿವಿ ತಿರುಗಿಸಿದರು, ಆದರೆ ಶ್ರೀಲಂಕಾದ ಕಡೆಗೆ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರು ತಮ್ಮ ಸೈನಿಕರಿಗಾಗಿ ಕಟ್ಟಿದ್ದ ಶಕ್ತಿಶಾಲಿ ಪ್ರಸಾರ ಕೇಂದ್ರ ರೇಡಿಯೋ ಸಿಲೋನಿನ ಕೈ ಸೇರಿತ್ತು. ಅದೇ 1952ರ ಡಿಸೆಂಬರಿನಲ್ಲಿ ಅಲ್ಲಿಂದ ಅಮೀನ್ ಸಯಾನಿ ಅವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಇದ್ದ ಮನೆಯ ಮುಂದೆ ಜನ ಕೂಡುತ್ತಿದ್ದ ಕಾಲ ಅದು. ರೇಡಿಯೋ ಇಟ್ಟುಕೊಳ್ಳಲು ಸರ್ಕಾರದ ಪರವಾನಗಿ ಬೇಕಿತ್ತು, ಎಲ್ಲರ ಕೈಗೂ ಎಟುಕುತ್ತಿರಲಿಲ್ಲ. ಹಾಗಾಗಿ ಒಂದು ರೇಡಿಯೋ ಎಂದರೆ ಒಂದು ಓಣಿ. 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಹುಟ್ಟಿದ್ದು ಸರ್ಕಾರ ಸೋಲೊಪ್ಪಿದ ಗುರುತು.

ಆ ಕಾಲದ ಶಿಫಾರಸು ಪೂರ್ತಿ ಶುದ್ಧವಾಗಿತ್ತೆಂದು ಭಾವಿಸಬೇಕಿಲ್ಲ. ಗೀತಮಾಲೆಗೆ ಹಣ ಹಾಕಿದ್ದು ಟೂತ್‌ಪೇಸ್ಟ್ ಕಂಪನಿ. ಹಾಡುಗಳ ಸ್ಥಾನ ನಿರ್ಧಾರವಾಗುತ್ತಿದ್ದದ್ದು ಅಂಗಡಿಗಳಲ್ಲಿ ಮಾರಾಟವಾದ ರೆಕಾರ್ಡುಗಳ ಲೆಕ್ಕದಿಂದ. ಬರೀ ಮಾರಾಟವನ್ನು ನಂಬಿದರೆ ರೆಕಾರ್ಡು ಕೊಂಡೇ ಹಾಡನ್ನು ಮೇಲೇರಿಸಬಹುದು. ಅದಕ್ಕೆ ಎದುರಾಗಿ ಊರೂರಿನ ಶ್ರೋತೃ ಸಂಘಗಳ ಅಭಿಪ್ರಾಯಕ್ಕೂ ಲೆಕ್ಕದಲ್ಲಿ ಜಾಗ ಸಿಕ್ಕಿತು. ಯಾವ ಶಿಫಾರಸಿನ ಹಿಂದೆಯೂ ಒಂದು ಲೆಕ್ಕ ಇರುತ್ತದೆ, ಲೆಕ್ಕ ಇದ್ದಲ್ಲಿ ಅದನ್ನು ತಿದ್ದಲು ಹೊರಟವರೂ ಇರುತ್ತಾರೆ. ಆದರೆ ಆಗಿನ ಲೆಕ್ಕಕ್ಕೆ ಮುಖವಿತ್ತು. ಕೋರಿಕೆಯ ಹಾಡು ಹಾಕುವಾಗ ಉದ್ಘೋಷಕರು ಕೇಳಿದವರ ಹೆಸರು, ಊರು ಓದುತ್ತಿದ್ದರು. ಈಗ ಝಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಸಣ್ಣ ಊರು ದೇಶಕ್ಕೆಲ್ಲ ಗೊತ್ತಾದದ್ದೇ ಅಲ್ಲಿಂದ ಹೋಗುತ್ತಿದ್ದ ಕೋರಿಕೆ ಪತ್ರಗಳಿಂದ. ಹಾಡಿನ ಜತೆ ‘ಇದನ್ನು ಇಂಥವರು ಬಯಸಿದರು’ ಎಂಬ ಸುದ್ದಿಯೂ ಬರುತ್ತಿತ್ತು.

ಹತ್ತಿರ ಇದ್ದ ಮಾತ್ರಕ್ಕೆ ಎಲ್ಲವೂ ಕಿವಿಗೆ ಬೀಳುತ್ತಿತ್ತೆ? ಇಲ್ಲ. ಧಾರಾವಿಯಿಂದ ನಡೆದುಹೋಗುವಷ್ಟು ದೂರದಲ್ಲಿ ಮಾಟುಂಗಾ, ಕಿಂಗ್ಸ್ ಸರ್ಕಲ್. ಅಲ್ಲಿ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇದೆ, 1963ರಿಂದ ಷಣ್ಮುಖಾನಂದ ಸಭಾಂಗಣ ಇದೆ. ಕರ್ನಾಟಕ ಸಂಗೀತದ ದೊಡ್ಡ ದೊಡ್ಡ ಹೆಸರುಗಳೆಲ್ಲ ಅಲ್ಲಿ ಹಾಡಿದ್ದಾರೆ. ರೈಲು ಹಳಿಯ ಒಂದು ಕಡೆ ಮೃದಂಗ ಕೇಳುವ ತಮಿಳರು, ಇನ್ನೊಂದು ಕಡೆ ಮೃದಂಗಕ್ಕೂ ಪರೈಗೂ ಬೇಕಾಗುವ ತೊಗಲನ್ನು ಹದ ಮಾಡುವ ಕಸುಬಿನ ತಮಿಳರು. ಭಾಷೆ ಒಂದೇ, ಸಂಗೀತ ಎರಡು. ತಗಡಿನ ಗೋಡೆ ದಾಟಿದ ಹಾಡು ಜಾತಿಯ ಗೋಡೆ ದಾಟುವುದು ಅಪರೂಪವಾಗಿತ್ತು. ಟಿಕೆಟ್ಟಿನ ಬೆಲೆಯೊಂದೇ ಅದಕ್ಕೆ ಕಾರಣವಲ್ಲ. ಓಣಿಯನ್ನು ಹೊಗಳುವ ಮುನ್ನ ಇದನ್ನು ನೆನಪಿಡಬೇಕು.

ಕ್ಯಾಸೆಟ್ ಬಂದ ಮೇಲೆ ಯಜಮಾನಿಕೆ ಬದಲಾಯಿತು. 1970ರ ದಶಕದವರೆಗೆ ಭಾರತದಲ್ಲಿ ಧ್ವನಿಮುದ್ರಿಕೆ ಎಂದರೆ ಬಹುಮಟ್ಟಿಗೆ ಎಚ್‌ಎಂವಿ. ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ 1980ರ ದಶಕದಲ್ಲಿ ಕ್ಯಾಸೆಟ್ಟನ್ನು ಪಾನ್ ಅಂಗಡಿಗೂ ತಂದಿತು. ಬೆಲೆ ಇಳಿಯಿತು. ಜನಸಂಗೀತದ ಪಂಡಿತ ಪೀಟರ್ ಮ್ಯಾನುಯೆಲ್ 1993ರ ತಮ್ಮ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ಬರೆದದ್ದು ಈ ಬದಲಾವಣೆಯನ್ನೇ. ದೊಡ್ಡ ಕಂಪನಿಗಳು ಮುಟ್ಟದ ಭಾಷೆ, ಉಪಭಾಷೆ, ಜಾತಿ, ಜಾತ್ರೆಗಳ ಹಾಡುಗಳೆಲ್ಲ ಮಾರುಕಟ್ಟೆಗೆ ಬಂದವು. ಮಂಗಳವೇಢೆ ಕಡೆಯ ಪ್ರಹ್ಲಾದ ಶಿಂದೆ, ಅವರ ಮಗ ಆನಂದ ಶಿಂದೆ ಮಹಾರಾಷ್ಟ್ರದ ಮನೆಮನೆಯ ದನಿಯಾದರು. ಶಾಹೀರರು ಊರೂರು ತಿರುಗಿ ಹಾಡಿದ್ದ ಅಂಬೇಡ್ಕರ್ ಪದಗಳು ಕ್ಯಾಸೆಟ್ಟಿನಲ್ಲಿ ಸಿಗತೊಡಗಿದವು. ಕನ್ನಡದಲ್ಲಿ 1978ರ ‘ನಿತ್ಯೋತ್ಸವ’ ಭಾವಗೀತೆಗಳ ಕ್ಯಾಸೆಟ್ ಯುಗವನ್ನು ತೆರೆಯಿತು. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ.

ಉತ್ತರ ಕರ್ನಾಟಕದಿಂದ ಮುಂಬೈಗೆ ಬಂದವರಲ್ಲಿ ಹಲವರನ್ನು ತಂದದ್ದು ಬರಗಾಲ. 1972–73ರ ಬರ ಮಹಾರಾಷ್ಟ್ರವನ್ನೂ ಬಿಜಾಪುರ, ಗುಲಬರ್ಗಾ ಸೀಮೆಯನ್ನೂ ಒಟ್ಟಿಗೇ ಹಿಂಡಿತು. ಸೊಲ್ಲಾಪುರದ ರೈಲು ಹಿಡಿದು ಬಂದವರ ಗಂಟಿನಲ್ಲಿ ಸಾಮಾನು ಕಡಿಮೆ, ಬಾಯಲ್ಲಿ ಹಾಡು ಹೆಚ್ಚು. ಕಡಕೋಳ ಮಡಿವಾಳಪ್ಪನವರ ತತ್ವಪದ, ಶಿಶುನಾಳ ಶರೀಫರ ಪದ, ಹಂತಿ ಪದ, ಗೀಗೀ ಪದ, ಮೊಹರಮ್ಮಿನಲ್ಲಿ ಹಿಂದೂ ಮುಸ್ಲಿಮರಿಬ್ಬರೂ ಹಾಡುವ ರಿವಾಯತ್. ಇವಕ್ಕೆ ಯಾವ ಜನಪ್ರಿಯತೆಯ ಪಟ್ಟಿಯಲ್ಲೂ ಸ್ಥಾನವಿರಲಿಲ್ಲ. ಟೂ-ಇನ್-ವನ್ ಎಂಬ ಪೆಟ್ಟಿಗೆ ಬಂದ ಮೇಲೆ ಇವಕ್ಕೂ ದಾರಿ ತೆರೆಯಿತು. ಅದರಲ್ಲಿ ಕೇಳುವ ಗುಂಡಿಯ ಪಕ್ಕ ಕೆಂಪು ಗುಂಡಿ ಇತ್ತು. ಖಾಲಿ ಕ್ಯಾಸೆಟ್ ಹಾಕಿ ಅದನ್ನು ಒತ್ತಿದರೆ ಊರಿನ ಭಜನಾ ಮಂಡಳಿಯೇ ಮುಂಬೈಗೆ ಬರಬಹುದಿತ್ತು. ಕೇಳುಗರ ಕೈಗೆ ಮುದ್ರಿಸುವ ಅಧಿಕಾರ ಬಂದದ್ದು ಆಗ. ಹಾಡನ್ನು ಕೊಂಡು ಕೇಳುವುದಷ್ಟೇ ಅಲ್ಲ, ನಕಲು ಮಾಡಿ ಇನ್ನೊಬ್ಬರಿಗೆ ಕೊಡುವುದೂ ಸಾಧ್ಯವಾಯಿತು.

ಕೊಡುವ ಈ ಅಭ್ಯಾಸ ಮುಂದೆ ವೇಷ ಬದಲಿಸುತ್ತ ಉಳಿಯಿತು. ನೂರೈವತ್ತು ಹಾಡು ತುಂಬಿದ ಎಂಪಿತ್ರೀ ಸಿಡಿ ಬಂತು, ಬ್ಲೂಟೂತ್ ಬಂತು, ಉಗುರಿನಷ್ಟು ಅಗಲದ ಮೆಮೊರಿ ಕಾರ್ಡ್ ಬಂತು. ಮೊಬೈಲ್ ರೀಚಾರ್ಜ್ ಅಂಗಡಿಯವನು ಒಂದಿಷ್ಟು ದುಡ್ಡಿಗೆ ಕಾರ್ಡಿನ ತುಂಬ ಹಾಡು ತುಂಬಿಸಿಕೊಡುತ್ತಿದ್ದ. ಎದುರು ನಿಂತವನು ಯಾವ ಊರಿನವನು, ಯಾವ ಭಾಷೆಯವನು ಎಂದು ನೋಡಿ ಕೊಡುತ್ತಿದ್ದ, ಕೇಳದೆ ಇದ್ದದ್ದನ್ನೂ ಸೇರಿಸುತ್ತಿದ್ದ. ಹಕ್ಕುಸ್ವಾಮ್ಯದ ಕಾನೂನಿನ ಪ್ರಕಾರ ಅದು ಕಳ್ಳತನ, ಹಾಡಿದವರಿಗೆ ಬಿಡಿಗಾಸೂ ಸಿಗುತ್ತಿರಲಿಲ್ಲ. ಆದರೆ 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾಗುವವರೆಗೆ ದುಡಿಯುವ ಮುಂಬೈ ಹೊಸ ಹಾಡನ್ನು ಹೆಚ್ಚಾಗಿ ಹೀಗೆಯೇ ಕೇಳಿತು.

ಹಿಪ್‌ಹಾಪ್ ಬಂದದ್ದೂ ಇದೇ ದಾರಿಯಲ್ಲಿ. ‘ಗಲ್ಲಿ ಬಾಯ್’ ಚಿತ್ರಕ್ಕೆ ಪ್ರೇರಣೆಯಾದ ಡಿವೈನ್ ಮತ್ತು ನೇಝಿ ಇಬ್ಬರೂ ಧಾರಾವಿಯವರಲ್ಲ. ಒಬ್ಬರು ಅಂಧೇರಿಯ ಜೆ.ಬಿ. ನಗರದವರು, ಇನ್ನೊಬ್ಬರು ಕುರ್ಲಾದವರು. ಡಿವೈನ್ ಸಂದರ್ಶನಗಳಲ್ಲಿ ಹೇಳಿಕೊಂಡಂತೆ, ಶಾಲೆಯ ಗೆಳೆಯನೊಬ್ಬ ಫಿಫ್ಟಿ ಸೆಂಟ್ ಚಿತ್ರವಿದ್ದ ಟೀ ಶರ್ಟು ಹಾಕಿಕೊಂಡು ಬಂದಿದ್ದ. ‘ಇದು ಯಾರು?’ ಎಂಬ ಪ್ರಶ್ನೆಗೆ ಉತ್ತರವಾಗಿ ಹಾಡುಗಳ ಸಿಡಿ ಕೈಗೆ ಬಂತು. ಆರ್ಕುಟ್ ಇದ್ದ ದಿನಗಳಲ್ಲಿ ಹುಡುಗರು ಅಲ್ಲಿನ ಗುಂಪುಗಳಲ್ಲಿ ಅಕ್ಷರದಲ್ಲೇ ರ‍್ಯಾಪ್ ಕಾಳಗ ಆಡುತ್ತಿದ್ದರು. ಇಂಟರ್ನೆಟ್ ಇತ್ತು, ನಿಜ. ಆದರೆ ಅದರಾಚೆ ಜಗಳಕ್ಕೆ ನಿಂತ ಮನುಷ್ಯನಿದ್ದ.

ಧಾರಾವಿಯಲ್ಲಿ ಇದಕ್ಕೆ ತನ್ನದೇ ಚಹರೆ ಬಂತು. 2008ರ ‘ಸ್ಲಮ್‌ಡಾಗ್ ಮಿಲಿಯನೇರ್’ ಜಗತ್ತಿಗೆಲ್ಲ ಹಂಚಿದ ಪದಕ್ಕೆ ಎದುರಾಗಿ ಬ್ರೇಕ್‌ಡಾನ್ಸ್ ಹುಡುಗರು ತಮ್ಮ ತಂಡಕ್ಕೆ ‘ಸ್ಲಮ್‌ಗಾಡ್ಸ್’ ಎಂದು ಹೆಸರಿಟ್ಟುಕೊಂಡರು. 2015ರಲ್ಲಿ ಶುರುವಾದ ಧಾರಾವಿ ಡ್ರೀಮ್ ಪ್ರಾಜೆಕ್ಟ್ ಶಾಲೆ ಬಿಟ್ಟ ಮೇಲೆ ಮಕ್ಕಳಿಗೆ ಉಚಿತವಾಗಿ ರ‍್ಯಾಪ್, ಬೀಟ್‌ಬಾಕ್ಸ್, ಕುಣಿತ ಕಲಿಸತೊಡಗಿತು. ಡೋಪಡೆಲಿಕ್ಸ್, ಸೆವೆನ್ ಬಂಟಾಯ್ಜ್ ತಂಡಗಳು ಹಿಂದಿ, ಮರಾಠಿ, ತಮಿಳು, ಇಂಗ್ಲಿಷುಗಳನ್ನು ಬೆರೆಸಿ ಹಾಡಿದವು. ಡೋಪಡೆಲಿಕ್ಸ್ ದನಿ 2018ರಲ್ಲಿ ಪಾ. ರಂಜಿತ್ ಅವರ ‘ಕಾಲಾ’ ಚಿತ್ರದ ಮೂಲಕ ಚೆನ್ನೈ ಮುಟ್ಟಿತು. ಎಂಸಿ ಅಲ್ತಾಫ್ 2019ರ ತಮ್ಮ ಹಾಡಿಗೆ ‘ಕೋಡ್ ಮುಂಬೈ 17’ ಎಂದು ಹೆಸರಿಟ್ಟರು. ಆ 17 ಧಾರಾವಿಯ ಅಂಚೆ ಸಂಖ್ಯೆ 400017ರ ಬಾಲ.

ಈ ಬೆರಕೆ ಭಾಷೆ ಸ್ಟುಡಿಯೋದಲ್ಲಿ ಹೊಳೆದ ಉಪಾಯವಲ್ಲ. ಎಡಗೋಡೆಯಿಂದ ತಮಿಳು, ಬಲಗೋಡೆಯಿಂದ ಮರಾಠಿ, ಎದುರು ಮನೆಯಿಂದ ಹಿಂದಿ ಕೇಳುತ್ತ ಬೆಳೆದವರಿಗೆ ಅದೇ ಮಾತೃಭಾಷೆ. ಶಿಫಾರಸಿನ ಯಂತ್ರ ಕೆಲಸ ಮಾಡುವ ಬಗೆ ಇದಕ್ಕೆ ತಿರುವುಮುರುವು. ನೀವು ಕೇಳಿದ್ದನ್ನು ಇನ್ಯಾರು ಕೇಳಿದರು, ಅವರು ಇನ್ನೇನು ಕೇಳಿದರು ಎಂದು ಅದು ಹುಡುಕುತ್ತದೆ. ಹಾಡಿನ ಗತಿ, ಸದ್ದುಗಳ ಹೋಲಿಕೆಯನ್ನೂ ಅಳೆಯುತ್ತದೆ. ನೀವು ಮಧ್ಯದಲ್ಲೇ ದಾಟಿಸಿದ ಹಾಡನ್ನು ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ಹೋಲಿಕೆ. ಓಣಿ ಕೊಟ್ಟದ್ದು ಹೋಲದೆ ಇರುವುದನ್ನು. ಪಕ್ಕದ ಮನೆಯ ಹಾಡನ್ನು ಬೆರಳಿನಿಂದ ದಾಟಿಸಲು ಆಗುತ್ತಿರಲಿಲ್ಲ. ಹತ್ತು ಸಲ ಬೇಡವೆನಿಸಿ ಹನ್ನೊಂದನೆಯ ಸಲ ಬಾಯಿಗೆ ಬರುತ್ತಿತ್ತು.

ಇದನ್ನು ಹಿಂದಿನ ಕಾಲದ ಹಂಬಲವಾಗಿ ಓದಿದರೆ ತಪ್ಪಾಗುತ್ತದೆ. ಓಣಿಯ ರೇಡಿಯೋ, ಮಂಟಪದ ಲೌಡ್‌ಸ್ಪೀಕರ್, ಮೊಬೈಲ್ ಅಂಗಡಿಯ ಕಟ್ಟೆ ಇವೆಲ್ಲ ಬಹುಪಾಲು ಗಂಡಸರ ಕೈಯಲ್ಲಿದ್ದವು. ಹೆಣ್ಣುಮಗಳೊಬ್ಬಳು ತನಗೆ ಬೇಕಾದ ಹಾಡನ್ನು ಯಾರನ್ನೂ ಕೇಳದೆ ಕೇಳಲು ಸಾಧ್ಯವಾದದ್ದು ಇಯರ್‌ಫೋನ್ ಬಂದ ಮೇಲೆ. ಇರುಳೆಲ್ಲ ಹೊಲಿದು ಹಗಲು ಮಲಗುವವರಿಗೆ ಪಕ್ಕದ ಮನೆಯ ಹಾಡು ಹಿಂಸೆಯೇ. ಯೂಟ್ಯೂಬ್ ಇರದಿದ್ದರೆ ಧಾರಾವಿಯ ರ‍್ಯಾಪ್ ಸಾಯನ್ ನಿಲ್ದಾಣ ದಾಟುತ್ತಿತ್ತೋ ಇಲ್ಲವೋ. ಯಂತ್ರ ಹಾಡನ್ನು ದೂರ ಒಯ್ಯಬಲ್ಲದು, ಅದರಲ್ಲಿ ಅನುಮಾನವಿಲ್ಲ. ಆದರೆ ಒಯ್ಯಲು ತಕ್ಕ ಹೊಸ ಹಾಡು ಹುಟ್ಟುವುದು, ಒಬ್ಬರನ್ನೊಬ್ಬರು ಹೋಲದ ಜನ ಒಬ್ಬರ ಸದ್ದು ಇನ್ನೊಬ್ಬರ ಕಿವಿಗೆ ಬೀಳುವಷ್ಟು ಹತ್ತಿರ ಬದುಕಿದಾಗ.

ಆ ಹತ್ತಿರವೇ ಈಗ ಪ್ರಶ್ನೆಯಲ್ಲಿದೆ. 2022ರ ನವೆಂಬರಿನಲ್ಲಿ ಧಾರಾವಿ ಪುನರಭಿವೃದ್ಧಿಯ ಟೆಂಡರು ಅದಾನಿ ಸಮೂಹಕ್ಕೆ ಸಿಕ್ಕಿತು, 2024ರಲ್ಲಿ ಮನೆಮನೆಯ ಸಮೀಕ್ಷೆ ಶುರುವಾಯಿತು. 2000ದ ಜನವರಿ 1ಕ್ಕೆ ಮೊದಲಿನಿಂದ ನೆಲದ ಅಂತಸ್ತಿನಲ್ಲಿ ಇದ್ದವರಿಗೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ ಉಚಿತ. ಆಮೇಲೆ ಬಂದವರಿಗೆ, ಮೇಲಂತಸ್ತಿನವರಿಗೆ ಧಾರಾವಿಯ ಹೊರಗೆ ಬೇರೆ ಷರತ್ತಿನ ಮೇಲೆ ಮನೆ. ಒಳ್ಳೆಯ ಮನೆ, ಸ್ವಂತ ಶೌಚಾಲಯ, ಬೆಳಕು ಯಾರಿಗೆ ಬೇಡ? ಬೇಕೇ ಬೇಕು. ಆದರೆ ಅರ್ಹರು, ಅನರ್ಹರು ಎಂಬ ವಿಂಗಡಣೆ ಒಂದೇ ಮನೆಯ ಕೆಳಗಿನವರನ್ನೂ ಮೇಲಿನವರನ್ನೂ ಬೇರೆ ಬೇರೆ ಬಡಾವಣೆಗೆ ಕಳಿಸಬಹುದು. ಮೆಟ್ಟಿಲೇಣಿಯ ಮೇಲಿನ ತಮಿಳು, ಕೆಳಗಿನ ಕನ್ನಡ ಮತ್ತೆ ಒಂದೇ ಗೋಡೆಗೆ ಕಿವಿ ಕೊಡುವಂತೆ ಮಾಡುವ ಕಲಮು ಯಾವ ಯೋಜನೆಯಲ್ಲೂ ಇರುವುದಿಲ್ಲ. ಸಮೀಕ್ಷೆಯವರ ಪಟ್ಟಿಯಲ್ಲಿ ಖೋಲಿಗೆ ಸಂಖ್ಯೆ ಇದೆ, ಅಂಗಡಿಗೆ ಸಂಖ್ಯೆ ಇದೆ. ನೆರೆಗೆ ಸಂಖ್ಯೆ ಇಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಪುಣೆಯ ಸೊಸೈಟಿಯಲ್ಲೋ ಇರುವವರಿಗೆ ಇಂಥ ಗೋಡೆಗಳು ಎಂದೋ ದಪ್ಪವಾಗಿವೆ. ಅಲ್ಲಿ ಹೊಸ ಹಾಡು ಬೇಕೆಂದರೆ ಮನುಷ್ಯರನ್ನು ಕೇಳುವ ಶ್ರಮ ಪಡಬೇಕು. ಕಟ್ಟಡದ ಗಾರೆಯವರು ಸಂಜೆ ಮೊಬೈಲಿನಲ್ಲಿ ಹಾಕುವ ಹಾಡು ಯಾವುದು, ಯಾವ ಸೀಮೆಯದು? ಆಟೋದವರ ಪೆನ್‌ಡ್ರೈವಿನಲ್ಲಿ ಏನಿದೆ? ಮನೆಯ ಹಿರಿಯರು ಮೊಹರಮ್ಮಿನಲ್ಲಿ ಕೇಳಿದ ಪದ ಯಾವುದು? ಇಂಥ ಪ್ರಶ್ನೆಗೆ ಸಿಗುವ ಉತ್ತರದಲ್ಲಿ ಹಾಡು ಒಂದೇ ಇರುವುದಿಲ್ಲ, ಅದರ ಜತೆ ಒಂದು ಊರು, ಒಂದು ಪ್ರಯಾಣ, ಕೆಲವೊಮ್ಮೆ ಒಂದು ಬರಗಾಲವೂ ಇರುತ್ತದೆ. ಹಾಡು ಹಿಡಿಸದೆ ಹೋದರೂ ಅಷ್ಟು ಉಳಿಯುತ್ತದೆ.