ಏರುಪೇರಾದ ನಾಡಿ, ಕಟ್ಟಿದ ಕಿವಿ: ಎರಡೂ ಇದ್ದವರು ತಿಳಿದಿರಬೇಕಾದದ್ದು

ಚಿನ್ನಮನೂರು ಬಳಿಯ ಮಾರ್ಕಯನ್‌ಕೋಟ್ಟೈ ಮತ್ತು ಕಂಬಂ ಕಣಿವೆಯ ಇತರ ಊರುಗಳ ಕನ್ನಡ ಮನೆಗಳಲ್ಲಿ ನೋವು ಹೇಳಿಕೊಳ್ಳುವುದು ಕನ್ನಡದಲ್ಲಿ, ಆಸ್ಪತ್ರೆಯಲ್ಲಿ ಅದನ್ನೇ ಹೇಳಬೇಕಾದದ್ದು ತಮಿಳಿನಲ್ಲಿ. ಎದೆ ಡವಗುಟ್ಟುವುದು, ತಲೆ ಬಿಗಿದಂತಿರುವುದು, ಕಿವಿ ಕಟ್ಟಿರುವುದು ಎಲ್ಲವೂ ಡಾಕ್ಟರ ಮುಂದೆ ಕೆಲವೊಮ್ಮೆ ‘ಮಯಕ್ಕಂ’ ಎಂಬ ಒಂದೇ ಮಾತಾಗಿಬಿಡುತ್ತದೆ. ತಲೆ ತಿರುಗಿದರೂ ಮಯಕ್ಕಂ, ಎಚ್ಚರ ತಪ್ಪಿದರೂ ಮಯಕ್ಕಂ. ಎದೆಬಡಿತಕ್ಕೆ ‘ಪಡಪಡಪ್ಪು’, ಕಿವಿ ಕಟ್ಟಿದ್ದಕ್ಕೆ ‘ಕಾದು ಅಡೈಪ್ಪು’, ತಲೆ ತಿರುಗುವುದಕ್ಕೆ ‘ತಲೈ ಸುತ್ತಲ್’ ಎಂದು ಬಿಡಿಬಿಡಿಯಾಗಿ ಹೇಳಿದರೆ ವೈದ್ಯರಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ.

ನಾಡಿ ತಾಳ ತಪ್ಪುವುದು ಹೇಗೆ?

ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣ ಎಂದು ಹೆಸರು. ಅವುಗಳಲ್ಲಿ ವಿದ್ಯುತ್ ಸಂಕೇತಗಳು ದಿಕ್ಕಾಪಾಲಾಗಿ ಹರಿದಾಗ ಕೋಣೆಗಳು ಸರಿಯಾಗಿ ಕುಗ್ಗದೆ ಬರೀ ನಡುಗುತ್ತವೆ. ಇದೇ ಏಟ್ರಿಯಲ್ ಫಿಬ್ರಿಲೇಷನ್. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಪೂರಾ ಒಂದು ನಿಮಿಷ ಎಣಿಸಿದರೆ ಮಿಡಿತಗಳ ನಡುವಿನ ಅಂತರ ಒಂದರಂತೆ ಒಂದಿಲ್ಲದಿರುವುದು ಗೊತ್ತಾಗುತ್ತದೆ. ಖಚಿತಪಡಿಸುವುದು ಇಸಿಜಿ. ಬಂದು ಹೋಗುವ ತೊಂದರೆಯಾದರೆ ಇಡೀ ದಿನ ಮೈಗೆ ಕಟ್ಟಿಕೊಳ್ಳುವ ಹೋಲ್ಟರ್ ಯಂತ್ರ ಬೇಕಾಗಬಹುದು.

ಬಹುಕಾಲದ ಬಿಪಿ, ಸಕ್ಕರೆ ಕಾಯಿಲೆ, ಹೆಚ್ಚಾದ ಥೈರಾಯ್ಡ್, ಮದ್ಯಪಾನ, ವಯಸ್ಸು ಇವು ಸಾಮಾನ್ಯ ಕಾರಣಗಳು. ನಮ್ಮ ದೇಶದಲ್ಲಿ ಇನ್ನೊಂದಿದೆ: ಚಿಕ್ಕಂದಿನಲ್ಲಿ ಬಂದ ಕೀಲುವಾತ ಜ್ವರದಿಂದ ಹೃದಯದ ಮಿಟ್ರಲ್ ಕವಾಟ ಕಿರಿದಾಗಿರುವುದು. ಯಾವ ಮಾತ್ರೆ ಕೊಡಬೇಕೆಂಬುದು ಇದರ ಮೇಲೆ ನಿಂತಿರುವುದರಿಂದ ಎಕೋ ಪರೀಕ್ಷೆ ಮಾಡಿಸಿರಬೇಕು.

ತಮಿಳುನಾಡಿನ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ 2021ರ ಆಗಸ್ಟ್‌ನಲ್ಲಿ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ಇದರಲ್ಲಿ ಮನೆಗೇ ಬಂದು ಬಿಪಿ ನೋಡುತ್ತಾರೆ. ನಾಡಿ ಏರುಪೇರಿರುವವರಿಗೆ ಯಂತ್ರ ಒಂದೊಂದು ಸಲ ಒಂದೊಂದು ಅಂಕಿ ತೋರಿಸುತ್ತದೆ. ಅದಕ್ಕೆ ಗಾಬರಿ ಬೇಡ. ಮೂರು ಸಲ ನೋಡಿಸಿ ಸರಾಸರಿ ಬರೆದಿಟ್ಟುಕೊಳ್ಳಬೇಕು.

ಅಪಾಯ ಬಡಿತದ್ದಲ್ಲ, ಹೆಪ್ಪಿನದು

ನಡುಗುವ ಕೋಣೆಯಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಈ ಕಾಯಿಲೆಯವರಿಗೆ ಲಕ್ವದ ಸಾಧ್ಯತೆ ಸುಮಾರು ಐದು ಪಟ್ಟು ಹೆಚ್ಚು. ಅದಕ್ಕಾಗಿಯೇ, ಬಡಿತ ತಗ್ಗಿಸುವ ಮಾತ್ರೆಯ ಜತೆಗೆ, ಅಪಾಯ ಹೆಚ್ಚಿರುವವರಿಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಡುತ್ತಾರೆ. ಆಸ್ಪಿರಿನ್ ಅದರ ಜಾಗ ತುಂಬುವುದಿಲ್ಲ.

ಕವಾಟ ಕಿರಿದಾದವರಿಗೆ ವಾರ್ಫರಿನ್ ಅಥವಾ ಅಸಿನೋಕೂಮರಾಲ್ ಕೊಡುತ್ತಾರೆ. ಐಎನ್ಆರ್ ರಕ್ತಪರೀಕ್ಷೆಯಲ್ಲಿ ಅಂಕಿ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಹೊಸ ಮಾತ್ರೆಗೆ ಬದಲಾಯಿಸಿಕೊಳ್ಳೋಣವೆಂದು ಇವರು ತಾವಾಗಿ ಹೊರಡಬಾರದು. ಕೀಲುವಾತದ ಹೃದಯರೋಗಿಗಳಲ್ಲಿ ರಿವರೋಕ್ಸಬಾನ್‌ಗಿಂತ ಹಳೆಯ ಮಾತ್ರೆಯೇ ಮೇಲೆಂದು 2022ರಲ್ಲಿ ಪ್ರಕಟವಾದ ಇನ್ವಿಕ್ಟಸ್ ಅಧ್ಯಯನ ತೋರಿಸಿತು. ಕವಾಟ ಸರಿಯಿರುವವರಿಗೆ ಅಪಿಕ್ಸಬಾನ್, ಡಾಬಿಗಟ್ರಾನ್ ಮೊದಲಾದವು ಅನುಕೂಲ. ಅವಕ್ಕೆ ಐಎನ್ಆರ್ ಬೇಡ, ಮೂತ್ರಪಿಂಡದ ಪರೀಕ್ಷೆ ಬೇಕು.

ವಾರ್ಫರಿನ್ ತೆಗೆದುಕೊಳ್ಳುವವರು ನುಗ್ಗೆಸೊಪ್ಪು ಬಿಡಬೇಕಿಲ್ಲ. ಒಂದು ವಾರ ದಿನಾ ತಿಂದು, ಮರುವಾರ ಪೂರಾ ನಿಲ್ಲಿಸುವುದು ತಪ್ಪು. ಇನ್ನು ಕಂಬಂ ಪನ್ನೀರ್ ದ್ರಾಕ್ಷಿಯ ಸೀಮೆಯವರಿಗೊಂದು ಮಾತು: ಕೆಲವು ಔಷಧಿಯ ಚೀಟಿಯಲ್ಲಿ ಬೇಡವೆಂದು ಬರೆದಿರುವ ‘ಗ್ರೇಪ್‌ಫ್ರೂಟ್’ ದ್ರಾಕ್ಷಿಯಲ್ಲ, ಚಕ್ಕೋತದಂಥ ಹುಳಿಹಣ್ಣು.

ಕಿವಿಯ ಒತ್ತಡ ಎಲ್ಲಿಂದ?

ಹೃದಯದ ತಾಳ ತಪ್ಪಿದ ಮಾತ್ರಕ್ಕೆ ಕಿವಿ ಕಟ್ಟುವುದಿಲ್ಲ. ಬಡಿತ ತೀರ ವೇಗವಾದರೆ ಅಥವಾ ತೀರ ನಿಧಾನವಾದರೆ ತಲೆ ಹಗುರಾಗಿ ತೂರಾಡಿದಂತಾಗಬಹುದು. ರಾತ್ರಿ ದಿಂಬಿಗೆ ಕಿವಿಯಿಟ್ಟಾಗ ಬಡಿತ ಒಳಗೇ ಕೇಳಿಸಬಹುದು. ಒತ್ತಡಕ್ಕೆ ಮಾತ್ರ ಬೇರೆ ಕಾರಣ ಹುಡುಕಬೇಕು. ಗುಗ್ಗೆ, ಶೀತ, ದವಡೆಯ ಕೀಲು, ಕುತ್ತಿಗೆಯ ಬಿಗಿತ, ಮೈಗ್ರೇನ್ ಯಾವುದೂ ಇರಬಹುದು. ಏಲಕ್ಕಿ ತೋಟದ ಕೆಲಸಕ್ಕೆ ಬೋಡಿಯಿಂದ ಬೋಡಿಮೆಟ್ಟು ಹತ್ತುವವರು ಸುಮಾರು ಸಾವಿರ ಮೀಟರ್ ಏರುತ್ತಾರೆ. ಕಿವಿಯಿಂದ ಗಂಟಲಿಗೆ ಹೋಗುವ ಸಣ್ಣ ನಾಳ ತೆರೆಯದಿದ್ದರೆ ಕಿವಿ ಬಿಗಿಯುತ್ತದೆ. ಉಗುಳು ನುಂಗಿದರೆ, ಆಕಳಿಸಿದರೆ ಬಿಡುತ್ತದೆ.

ಎರಡನ್ನೂ ಜೋಡಿಸುವ ಒಂದು ಕಾರಣ ಉಂಟು. ಜೋರಾಗಿ ಗೊರಕೆ ಹೊಡೆಯುತ್ತ ನಡುನಡುವೆ ಉಸಿರು ನಿಲ್ಲುವವರಿಗೆ ಬೆಳಿಗ್ಗೆ ತಲೆ ಭಾರವಿರುತ್ತದೆ, ನಾಡಿ ಏರುಪೇರಾಗುವ ಸಂಭವವೂ ಹೆಚ್ಚು. ಇದು ರೋಗಿಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಮಲಗುವವರೇ ಹೇಳಬೇಕು.

ಎಲ್ಲ ಪರೀಕ್ಷೆ ಮಾಡಿಸಿದರೂ ಕಾರಣ ಸಿಗದವರಿದ್ದಾರೆ. ಅವರ ತೊಂದರೆ ಸುಳ್ಳಲ್ಲ. ಒತ್ತಡ ಬಂದಾಗಿನ ಹೊತ್ತು, ನಾಡಿ, ಬಿಪಿ, ನಿದ್ದೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಮುಂದಿನ ಭೇಟಿಗೆ ಉಪಯೋಗ.

ಮೆಡಿಕಲ್ ಶಾಪಿನಲ್ಲಿ ಎಚ್ಚರ

ಕಿವಿ ಬಿಗಿತಕ್ಕೆಂದು ಚೀಟಿಯಿಲ್ಲದೆ ಕೊಳ್ಳುವ ಶೀತದ ಮಾತ್ರೆಗಳಲ್ಲಿ ಫೀನೈಲೆಫ್ರಿನ್ ಅಥವಾ ಸೂಡೊಎಫೆಡ್ರಿನ್ ಇರುವುದುಂಟು. ಇವು ಬಿಪಿ ಏರಿಸಬಹುದು, ಎದೆಬಡಿತ ಕೆಣಕಬಹುದು. ತಲೆನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತ ತೆಳುವಾಗಿಸುವ ಮಾತ್ರೆಯ ಜತೆ ಸೇರಿದರೆ ರಕ್ತಸ್ರಾವದ ಭಯ. ಪ್ಯಾರಸಿಟಮಾಲ್ ಇದ್ದುದರಲ್ಲಿ ಸುರಕ್ಷಿತ, ಆದರೂ ವಾರ್ಫರಿನ್ ಇರುವವರು ದಿನಗಟ್ಟಲೆ ನುಂಗುವ ಮುನ್ನ ಕೇಳಬೇಕು. ತಲೆಯ ಒತ್ತಡ ಮಾತ್ರೆಯಿಂದಲೇ ಬಂತೆಂದು ರಕ್ತದ ಮಾತ್ರೆ ತಾವೇ ನಿಲ್ಲಿಸುವುದು ಇವೆಲ್ಲಕ್ಕಿಂತ ದೊಡ್ಡ ತಪ್ಪು.

ಕಾಯಬಾರದ ಹೊತ್ತು

ಬಾಯಿ ಸೊಟ್ಟಗಾದರೆ, ಒಂದು ಕೈ ಅಥವಾ ಕಾಲು ಸೋತರೆ, ಮಾತು ತೊದಲಿದರೆ, ಹಿಂದೆಂದೂ ಇಲ್ಲದಂಥ ತಲೆನೋವು ಸಿಡಿದರೆ, ಎಚ್ಚರ ತಪ್ಪಿದರೆ ಕೂಡಲೇ 108. ರಕ್ತದ ಮಾತ್ರೆಯಲ್ಲಿರುವವರು ತಲೆಗೆ ಪೆಟ್ಟಾದರೆ, ಆಗ ಏನೂ ಅನಿಸದಿದ್ದರೂ ಆಸ್ಪತ್ರೆಗೆ ಹೋಗಬೇಕು. ಒಂದು ಕಿವಿ ಹಠಾತ್ತನೆ ಕೇಳದಾದರೆ ಅದೇ ದಿನ ಕಿವಿಯ ಡಾಕ್ಟರನ್ನು ಕಾಣಬೇಕು. ವಾರ ಕಳೆದಂತೆ ಚಿಕಿತ್ಸೆಯ ಫಲ ಕಡಿಮೆ.

ಲಕ್ವದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಗಡುವು, ಅದಕ್ಕೆ ಮೊದಲು ಸಿಟಿ ಸ್ಕ್ಯಾನ್ ಆಗಬೇಕು. ಹಾಗಾಗಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯುವಂತೆ ಆಂಬುಲೆನ್ಸಿನವರನ್ನು ಕೇಳಬೇಕು. ರೋಗಿ ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ, ಯಾವ ರಕ್ತದ ಮಾತ್ರೆ, ಕೊನೆಯ ಮಾತ್ರೆ ನುಂಗಿದ್ದು ಯಾವಾಗ ಎಂಬ ಮೂರನ್ನೂ ಮನೆಯವರು ತಮಿಳಿನಲ್ಲಿ ಹೇಳಬಲ್ಲವರಾಗಿರಬೇಕು. ಮಾತ್ರೆಯ ಪಟ್ಟಿಯನ್ನೇ ಜತೆಗೊಯ್ದರೆ ಇನ್ನೂ ಒಳ್ಳೆಯದು.