ಸೆಕೆಂಡ್ ಹ್ಯಾಂಡ್ ಕಾರು: ಕೊಂಡವರ ಹಕ್ಕು ಬೆಳೆದ ಬಗೆ

ಡೀಲರ್ ಬಳಿ ಕೊಂಡ ಹಳೆ ಕಾರು ತಿಂಗಳೊಳಗೆ ಕೈಕೊಟ್ಟರೆ ಸಿಗುವ ಉತ್ತರ ಒಂದೇ: ‘ನೋಡಿಯೇ ತಗೊಂಡಿದ್ದೀರಲ್ಲ?’ ನಮ್ಮ ಕಾನೂನು ಈ ಮಾತನ್ನು ಪೂರ್ತಿಯಾಗಿ ಎಂದೂ ಒಪ್ಪಿಲ್ಲ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಎಚ್ಚರದ ಹೊಣೆ ಕೊಳ್ಳುವವರದು, ನಿಜ. ಆದರೆ ವಿವರಣೆ ನಂಬಿ ವ್ಯಾಪಾರಿಯಿಂದ ಕೊಂಡ ಸರಕು ಮಾರಾಟಕ್ಕೆ ತಕ್ಕ ಗುಣಮಟ್ಟದ್ದಾಗಿರಬೇಕು ಎಂದೂ ಅದರ 16ನೇ ಕಲಂ ಹೇಳುತ್ತದೆ. ನೋಡಿ ಕೊಂಡಿದ್ದರೆ, ನೋಡಿದಾಗ ಕಾಣಲೇಬೇಕಿದ್ದ ದೋಷಗಳಿಗಷ್ಟೇ ವಿನಾಯಿತಿ. ತೊಡಕು ಬೇರೆಡೆ ಇತ್ತು: ‘ಇದ್ದ ಸ್ಥಿತಿಯಲ್ಲೇ ಮಾರಾಟ’ ಎಂದು ಬರೆಸಿಕೊಂಡು ಈ ರಕ್ಷಣೆಯನ್ನು ಬದಿಗಿಡಬಹುದಿತ್ತು, ನ್ಯಾಯಕ್ಕೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಬೇಕಿತ್ತು.

1986ರ ಗ್ರಾಹಕರ ಸಂರಕ್ಷಣಾ ಕಾಯ್ದೆ ಈ ದಾರಿಯನ್ನು ಹತ್ತಿರ ಮಾಡಿತು. ವಕೀಲರಿಲ್ಲದೆಯೂ ದೂರು ಕೊಡುವಂತಾಯಿತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಕಾಯ್ದೆ ಇನ್ನೂ ಮುಂದೆ ಹೋಯಿತು. ಡೀಲರ್ ಯಾವ ಊರಿನವರಾದರೂ, ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಹೂಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾಲಾವಕಾಶ 2 ವರ್ಷ. ದೋಷ ಸರಿಪಡಿಸುವುದು, ಹಣ ವಾಪಸು, ಪರಿಹಾರ ಎಲ್ಲವನ್ನೂ ಆಯೋಗ ಆದೇಶಿಸಬಲ್ಲದು. ಆದರೆ ಈ ಕಾಯ್ದೆ ವ್ಯಾಪಾರಿಗಳ ಮೇಲಷ್ಟೇ. ನೆರೆಮನೆಯವರು ತಮ್ಮ ಕಾರು ಮಾರಿದರೆ ಇದು ಅನ್ವಯಿಸದು.

ಹಾಗಾಗಿಯೇ ‘ನಾನು ಬರೀ ಮಧ್ಯವರ್ತಿ’ ಎಂಬ ನೆಪ ಬಳಕೆಗೆ ಬಂತು. ಕಾರು ಡೀಲರ್ ಅಂಗಳದಲ್ಲಿ, ಆರ್‌ಸಿ ಹಳೆಯ ಮಾಲೀಕರ ಹೆಸರಲ್ಲಿ. ಕಾರು ಮಾರಿದ್ದರೂ ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಈ ಪದ್ಧತಿಯ ಅಪಾಯ ಎದ್ದುಕಂಡಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರ್‌ಗಳಿಗೆ ಅಧಿಕೃತ ಪರವಾನಗಿಯ ವ್ಯವಸ್ಥೆ ಬಂತು. ವಾಹನ ಕೈಸೇರಿದ್ದನ್ನು ನಮೂನೆ 29ಸಿಯಲ್ಲಿ ತಿಳಿಸಿದ ಮೇಲೆ ಡೀಲರನ್ನೇ ಮಾಲೀಕರೆಂದು ಭಾವಿಸಲಾಗುತ್ತದೆ.

ಇಷ್ಟಾದರೂ ಸಾಬೀತಿನ ಭಾರ ಕೊಂಡವರ ಹೆಗಲ ಮೇಲೇ ಇದೆ. ಮೀಟರ್ 40,000 ಕಿ.ಮೀ. ತೋರಿಸುತ್ತಿದ್ದರೂ ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಅನುಮಾನಿಸಬೇಕು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ ಕಂಡರೆ ನೆರೆನೀರಲ್ಲಿ ಮುಳುಗಿದ ಗಾಡಿ ಇರಬಹುದು. ಇವು ಸುಳಿವುಗಳು ಮಾತ್ರ. ದೋಷ ಪತ್ತೆಗೆ ಪ್ರಯೋಗಾಲಯದ ಪರೀಕ್ಷೆ ಬೇಕೆಂದರೆ ಅದರ ಶುಲ್ಕವನ್ನೂ ದೂರುದಾರರೇ ಮೊದಲು ಕಟ್ಟಬೇಕು.

ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ದೋಷಪೂರಿತ ಹಳೆ ಕಾರನ್ನೂ 30 ದಿನದೊಳಗೆ ಹಿಂತಿರುಗಿಸಬಹುದು; ರಿಪೇರಿ ಕೇಳಿದಾಗ, ಆರು ತಿಂಗಳೊಳಗೆ ಕಂಡ ದೋಷ ಮೊದಲೇ ಇತ್ತೆಂದು ಭಾವಿಸಲಾಗುತ್ತದೆ, ಅಲ್ಲವೆಂದು ತೋರಿಸುವ ಹೊಣೆ ವ್ಯಾಪಾರಿಯದು. ನಮ್ಮಲ್ಲಿ ಬರಬೇಕಾದ ಮುಂದಿನ ಸುಧಾರಣೆ ಇದೇ. ಜೊತೆಗೆ ಅಪಘಾತ, ನೆರೆ, ಓಡಿದ ದೂರದ ವಿವರವನ್ನು ಡೀಲರ್ ಸಹಿ ಹಾಕಿ ಕೊಡುವುದು ಕಡ್ಡಾಯವಾಗಬೇಕು.

ಅಲ್ಲಿಯವರೆಗೆ ಜಾಹೀರಾತು, ವಾಟ್ಸ್ಆ್ಯಪ್ ಮಾತುಕತೆ, ರಸೀದಿ ಎಲ್ಲ ಉಳಿಸಿಕೊಳ್ಳಿ. ದೋಷ ಕಂಡರೆ ರಿಪೇರಿಗೆ ಮುಂಚೆಯೇ ಬೇರೊಂದು ಗ್ಯಾರೇಜಿನಿಂದ ಲಿಖಿತ ವರದಿ ಪಡೆದು ಡೀಲರ್‌ಗೆ ನೋಟಿಸ್ ಕೊಡಿ. ಸಲಹೆಗೆ 1915 ಸಹಾಯವಾಣಿಯಿದೆ. ವರ್ಷಗಟ್ಟಲೆ ಕೂಡಿಟ್ಟ ಹಣಕ್ಕೆ ಕಾರು ಕೊಂಡ ಕುಟುಂಬಕ್ಕೆ, ಬಿಚ್ಚಿ ನೋಡದೆ ಕಾಣದ ದೋಷವನ್ನು ತಾನೇ ಸಾಬೀತು ಮಾಡು ಎನ್ನುವುದು ನ್ಯಾಯವಲ್ಲ.