ಹಿಡಿ ತಿರುಗಿಸಿದರೆ ನರಳುವ ಗೊಂಬೆ



ಸ್ವರ್ಗಾರೋಹಣ ಹಬ್ಬದ ಭಾನುವಾರದಂದೇ ನಾವು ಸಮಾಜ ಸಂಪರ್ಕ ಮಾಧ್ಯಮಗಳ ದಿನವನ್ನೂ ಆಚರಿಸುತ್ತೇವೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಆಶಯದಂತೆ 1967ರಲ್ಲಿ ಆರಂಭವಾದ ಆಚರಣೆ ಇದು. 2007ರಲ್ಲಿ ಜಗದ್ಗುರು ಹದಿನಾರನೇ ಬೆನೆಡಿಕ್ಟರು ಆ ದಿನದ ಸಂದೇಶವನ್ನು ಮಕ್ಕಳ ವಿಷಯಕ್ಕೇ ಮೀಸಲಿಟ್ಟರು. ಮನರಂಜನೆಯ ಹೆಸರಿನಲ್ಲಿ ಹಿಂಸೆಯನ್ನು ಮೆರೆಸುವ ವಿಡಿಯೊ ಗೇಮ್‌ಗಳನ್ನೂ ಚಿತ್ರಗಳನ್ನೂ ಅವರು ನೇರವಾಗಿ ವಿಕೃತಿ ಎಂದು ಕರೆದರು.

ಈ ಮಾತು ಎತ್ತಿದೊಡನೆ ನಮ್ಮ ಹಿರಿಯರು, "ನಮ್ಮ ಕಾಲದಲ್ಲಿ ಇಂಥದ್ದೆಲ್ಲ ಇರಲಿಲ್ಲ ಫಾದರ್" ಎನ್ನುತ್ತಾರೆ. ಇತ್ತು. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ವರ್ಷಕ್ಕೊಮ್ಮೆ ದನಗಳ ಜಾತ್ರೆ ಸೇರುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆ, ಹಬ್ಬ ಬಂತೆಂದರೆ 'ಕುರುಕ್ಷೇತ್ರ' ನಾಟಕ ಆಡಿಸುವುದು ಇಂದಿಗೂ ಇದೆ. ಅಲ್ಲಿ ಭೀಮ ತೊಡೆ ಮುರಿಯುತ್ತಾನೆ, ಕರುಳು ಬಗೆಯುತ್ತಾನೆ. ಮಕ್ಕಳು ಮುಂದಿನ ಸಾಲಿನಲ್ಲೇ ಕುಳಿತು ನೋಡುತ್ತಾರೆ. ಆದರೆ ಅಭಿಮನ್ಯು ಸತ್ತರೆ ಸುಭದ್ರೆ ಅಳಬೇಕು, ದುರ್ಯೋಧನ ಬಿದ್ದರೆ ಗಾಂಧಾರಿ ಅಳಬೇಕು. ಅಳುವವರಿಗೂ ಆ ಕಥೆಯಲ್ಲಿ ಜಾಗವಿದೆ. ಅದಿಲ್ಲದ ಹಿಂಸೆಯ ಆಟವೂ ಹೊಸದಲ್ಲ. ಹೇಮಗಿರಿಯ ಬಂಡೆಗಳ ಮೇಲಿಂದ ಧುಮುಕುವ ಹೇಮಾವತಿ ಕನ್ನಂಬಾಡಿಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ನೀರು ಮುಂದೆ ಶ್ರೀರಂಗಪಟ್ಟಣದ ಕೋಟೆಯನ್ನು ಬಳಸಿಕೊಂಡು ಹೋಗುತ್ತದೆ. ಆ ಕೋಟೆಯ ಕಥೆಯನ್ನೇ ನೋಡೋಣ.

1799ರ ಮೇ 4ರ ಮಧ್ಯಾಹ್ನ ಇಂಗ್ಲಿಷರ ಸೇನೆ ಹೊಳೆ ದಾಟಿ ಕೋಟೆಗೆ ನುಗ್ಗಿತು. ಟಿಪ್ಪು ಸುಲ್ತಾನ್ ಸತ್ತದ್ದು ಅಂದೇ. ಸಾವಿರಾರು ಜನ ಸತ್ತರು. ರಾತ್ರಿಯೆಲ್ಲ ಊರು ಲೂಟಿಯಾಯಿತು. ಇದು ಚರಿತ್ರೆ. ಇದಾಗಿ ಒಂದು ವರ್ಷ ತುಂಬುವ ಹೊತ್ತಿಗೆ ಲಂಡನ್ನಿನ ಲೈಸಿಯಂ ರಂಗಮಂದಿರದಲ್ಲಿ ಇದೇ ಘಟನೆ ಕಾಸು ಕೊಟ್ಟು ನೋಡುವ ತಮಾಷೆಯಾಗಿತ್ತು! ರಾಬರ್ಟ್ ಕೆರ್ ಪೋರ್ಟರ್ ಎಂಬ, ಇಪ್ಪತ್ತರ ಆಸುಪಾಸಿನ ಚಿತ್ರಕಾರ ಸುಮಾರು 120 ಅಡಿ ಉದ್ದದ ಚಿತ್ರ ಬರೆದು, ನೋಡುವವರನ್ನು ಬಳಸಿಕೊಳ್ಳುವಂತೆ ಅದನ್ನು ಬಾಗಿಸಿ ನಿಲ್ಲಿಸಿದ್ದ. ಇಂದಿನ ದೊಡ್ಡ ಪರದೆಯ ಅಜ್ಜ ಅದು. ಪೋರ್ಟರ್ ಭಾರತವನ್ನು ಕಣ್ಣಾರೆ ಕಂಡವನೇ ಅಲ್ಲ. ಚಿತ್ರದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳನ್ನು ಮುಖ ನೋಡಿ ಗುರುತಿಸಬಹುದಿತ್ತು. ನಮ್ಮೂರಿನ ಸತ್ತವರಿಗೆ ಹೆಸರಿರಲಿಲ್ಲ. ಅವರು ಬೀಳುವುದಕ್ಕೆಂದೇ ಅಲ್ಲಿದ್ದರು. ಆಸ್ಲೀ ಎಂಬಾತನ ಕುದುರೆ ಸರ್ಕಸ್ಸಿನವರೂ ಪಟ್ಟಣದ ಮುತ್ತಿಗೆಯನ್ನು ಆಡಿ ತೋರಿಸಿದರು.

ಹಾಗೆಂದು ಇಂಗ್ಲಿಷರನ್ನಷ್ಟೇ ದೂರಿದರೆ ನ್ಯಾಯವಾಗದು. ಟಿಪ್ಪುವಿನ ಅರಮನೆಯಲ್ಲಿ ಒಂದು ಮರದ ಹುಲಿ ಸಿಕ್ಕಿತು. ಹೆಚ್ಚು ಕಡಿಮೆ ಆರಡಿ ಉದ್ದ. ಕೆಳಗೆ ಬಿದ್ದ ಬಿಳಿಯನ ಕುತ್ತಿಗೆಯ ಮೇಲೆ ಹುಲಿ ಬಾಯಿ ಹಾಕಿದೆ. ಪಕ್ಕದ ಹಿಡಿ ತಿರುಗಿಸಿದರೆ ಆ ಮನುಷ್ಯನ ಕೈ ಏಳುತ್ತ ಬೀಳುತ್ತ, ಒಳಗಿನ ಕೊಳವೆಯಿಂದ ಅವನ ನರಳಾಟ ಹೊರಡುತ್ತದೆ, ಹುಲಿ ಗುರುಗುಡುತ್ತದೆ. ಹುಲಿಯ ಪಕ್ಕೆಯಲ್ಲಿ ಆರ್ಗನ್ನಿನ ಮನೆಗಳೂ ಇವೆ, ಬೇಕಾದರೆ ರಾಗ ನುಡಿಸಬಹುದು. ಶತ್ರುವಿನ ಸಾವು ಅರಸನಿಗೆ ಸಂಗೀತವಾಗಿತ್ತು. ಇಂಗ್ಲಿಷರು ಈ ಗೊಂಬೆಯನ್ನು ಹೊತ್ತೊಯ್ದು 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಪ್ರದರ್ಶನಕ್ಕಿಟ್ಟರು. ಅಲ್ಲಿ ನಡೆದದ್ದು ವಿಚಿತ್ರ. ನೋಡಲು ಬಂದವರು ಹಿಡಿ ತಿರುಗಿಸಿದ್ದೇ ತಿರುಗಿಸಿದ್ದು! ಪಕ್ಕದ ಗ್ರಂಥಾಲಯದಲ್ಲಿ ಓದುವವರಿಗೆ ಈ ನರಳಾಟದಿಂದ ತಲೆ ಚಿಟ್ಟು ಹಿಡಿಯಿತು. ನರಳುತ್ತಿದ್ದವನು ಅವರದೇ ನಾಡಿನ ವೇಷದವನು. ಯಾರು ಸಾಯುತ್ತಿದ್ದಾರೆ ಎಂಬುದು ಯಾರಿಗೂ ಬೇಕಾಗಿರಲಿಲ್ಲ, ಹಿಡಿ ಕೈಯಲ್ಲಿದ್ದರೆ ಸಾಕಾಗಿತ್ತು.

ಹಿಂಸೆಯ ಮನರಂಜನೆಯಿಂದ ಮೊದಲು ಆಗುವ ಕೇಡು ಇದೇ ಎಂದು ನಮಗೆ ತೋರುತ್ತದೆ. ಸಂತ ಅಗಸ್ತೀನರು ತಮ್ಮ ಆತ್ಮಕಥೆಯಲ್ಲಿ ಗೆಳೆಯ ಅಲಿಪಿಯುಸರ ಪ್ರಸಂಗವನ್ನು ಬರೆದಿದ್ದಾರೆ. ರೋಮಿನಲ್ಲಿ ಕಾನೂನು ಓದುತ್ತಿದ್ದ ಈ ಯುವಕನನ್ನು ಜೊತೆಯವರು ಮಲ್ಲರ ಕಾಳಗಕ್ಕೆ ಎಳೆದೊಯ್ದರು. ಆತ ಕಣ್ಣು ಮುಚ್ಚಿ ಕುಳಿತ, ಕಿವಿ ಮುಚ್ಚಲಿಲ್ಲ. ಜನ ಹೋ ಎಂದಾಗ ಕಣ್ಣು ತೆರೆದ. ಆಮೇಲೆ ಕಣ್ಣು ಕೀಳಲಾಗಲಿಲ್ಲ, ಮುಂದೆ ಬೇರೆಯವರನ್ನೂ ಕರೆದೊಯ್ಯತೊಡಗಿದ. ಆತ ಕತ್ತಿ ಹಿಡಿಯಲಿಲ್ಲ, ಯಾರನ್ನೂ ಕೊಲ್ಲಲಿಲ್ಲ. ಆದರೂ ಅಗಸ್ತೀನರು ಅದನ್ನು ಆತ್ಮಕ್ಕೆ ಬಿದ್ದ ಗಾಯವೆಂದೇ ಬಗೆದರು.

ನಮ್ಮ ಕಾಲಕ್ಕೆ ಬಂದರೆ, 1995ರ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ಕಾಣಿಸಿಕೊಂಡರು. ಅದಾದ ಮೇಲೆ ಮಚ್ಚು ಲಾಂಗುಗಳ ಚಿತ್ರಗಳು ಸಾಲುಗಟ್ಟಿದವು. ಪಬ್ಜಿ ಆಟವನ್ನು ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿಷೇಧಿಸಿತು, ಅದೂ ರಕ್ತದ ಕಾರಣಕ್ಕಲ್ಲ, ದೇಶದ ಭದ್ರತೆಯ ಕಾರಣಕ್ಕೆ. ಲಾಂಗಿನ ಸಿನಿಮಾ ನೋಡಿದ ಹುಡುಗರೆಲ್ಲ ಲಾಂಗು ಹಿಡಿಯುತ್ತಾರೆಂದು ನಾವು ಹೇಳುವುದಿಲ್ಲ. ಹಾಗೆ ಹೆದರಿಸಿದರೆ ಮಕ್ಕಳು ನಗುತ್ತಾರೆ, ನಗುವುದು ಸರಿಯೇ. ರಸ್ತೆಯಲ್ಲಿ ಬಿದ್ದವನನ್ನು ಎತ್ತುವ ಮೊದಲು ಫೋನು ಎತ್ತಿ ವಿಡಿಯೊ ಮಾಡುವ ಕೈಯನ್ನು ಕಂಡಾಗ ಮಾತ್ರ ನಮಗೆ ಆ ಹುಲಿಯ ಹಿಡಿ ನೆನಪಾಗುತ್ತದೆ.

"ಫಾದರ್, ಪೀಠದ ಮೇಲೆ ನೀವೂ ರಕ್ತ ಸುರಿಯುವ ಮನುಷ್ಯನನ್ನೇ ಇಟ್ಟಿದ್ದೀರಲ್ಲ" ಎಂದು ಯಾವನಾದರೂ ಯುವಕ ಕೇಳಿದರೆ ಗದರಬೇಡಿ. ಒಳ್ಳೆಯ ಪ್ರಶ್ನೆ. ಶುಭ ಶುಕ್ರವಾರದಂದು ನಾವು ಹೊಡೆದವರ ಕಡೆ ನಿಂತು ನೋಡುವುದಿಲ್ಲ, ತಾಯಿ ಮರಿಯಳ ಪಕ್ಕದಲ್ಲಿ ನಿಂತು ನೋಡುತ್ತೇವೆ. (ಚಾಟಿಯ ಏಟುಗಳನ್ನು ಚಪ್ಪರಿಸಿಕೊಂಡು ವರ್ಣಿಸುವ ಪ್ರಬೋಧಕರೂ ಉಂಟು, ಅವರಿಗೂ ಲೈಸಿಯಂ ಮಂದಿರಕ್ಕೂ ದೂರವಿಲ್ಲ.)

ನಮ್ಮ ನಾಡಿನ ವೀರಗಲ್ಲುಗಳೂ ಹೀಗೆಯೇ ನಿಂತು ನೋಡುತ್ತವೆ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ನಡುವಿನ ಕಲ್ಲೊಂದಿತ್ತು. ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಕಾಡುಹಂದಿಯೊಡನೆ ಕಾದಾಡಿ ಸತ್ತ ನಾಯಿಯೊಂದರ ನೆನಪಿಗೆ ಅದರ ಒಡೆಯ ಮಣಲರತ ನೆಡಿಸಿದ್ದು. ನಾಯಿ, ಹಂದಿ ಎರಡನ್ನೂ ಕೆತ್ತಲಾಗಿದೆ. ನಾಯಿಯ ಹೆಸರು ಕಾಳಿ. ಸಾವಿರ ವರ್ಷ ಕಳೆದರೂ ಹೆಸರು ಉಳಿದಿದೆ.

ಶ್ರೀರಂಗಪಟ್ಟಣಕ್ಕೆ 1799ರ ನಂತರ ಬಂದವರಲ್ಲಿ ಅಬ್ಬೆ ದುಬೊಯ್ ಎಂಬ ಫ್ರೆಂಚ್ ಗುರುವೂ ಒಬ್ಬರು. ಲಂಡನ್ನಿನ ಜನ ಪಟ್ಟಣದ ಸಾವನ್ನು ನೋಡಿ ಮೈಮರೆಯುತ್ತಿದ್ದ ಆ ವರ್ಷಗಳಲ್ಲಿ ಇವರು ಸೆರೆಯಿಂದ, ಯುದ್ಧದಿಂದ ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸುತ್ತಿದ್ದರು. ಸಿಡುಬು ಬಂದಾಗ ಜನರಿಗೆ ಲಸಿಕೆ ಹಾಕಿಸಿದರು.

ನಿಮ್ಮ ಧರ್ಮಕೇಂದ್ರದ ಮಕ್ಕಳನ್ನು ಪ್ರವಾಸಕ್ಕೆಂದು ದರಿಯಾ ದೌಲತ್‌ಗೆ ಕರೆದೊಯ್ದಾಗ, 1780ರ ಪೊಳ್ಳಿಲೂರು ಯುದ್ಧದ ಚಿತ್ರವಿರುವ ಪಶ್ಚಿಮದ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿಸಿ. ಆನೆ ಕುದುರೆಗಳ ಮೇಲಿರುವವರ ಹೆಸರನ್ನು ಗೈಡುಗಳೇ ಹೇಳುತ್ತಾರೆ. ಕುದುರೆಯ ಕಾಲ ಕೆಳಗೆ ಬಿದ್ದವರು ಯಾವ ಊರಿನವರಿರಬಹುದು, ಅವರ ಮನೆಗೆ ಸುದ್ದಿ ಮುಟ್ಟಿಸಿದವರು ಯಾರಿರಬಹುದು ಎಂದು ಮಕ್ಕಳನ್ನೇ ಕೇಳಿ.